ವರಾಂಡದಲ್ಲಿ ಕಾದವಳು

ಆಷಾಢದ ಆ ಸಂಜೆ ಪುಣೆಯಲ್ಲಿ ಹಿಡಿದ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ದಿಗಂಬರ ಮಾಸ್ತರರ ಚದುರಂಗದ ತರಗತಿ ಮುಗಿದು ಬಹಳ ಹೊತ್ತಾಗಿತ್ತು. ಸ್ವಾರಗೇಟಿನ ಕಡೆಯ ರಸ್ತೆಯಲ್ಲಿ ನೀರು ನಿಂತು ಬಸ್ಸುಗಳು ಅಲ್ಲಲ್ಲೇ ಸಾಲುಗಟ್ಟಿವೆ ಎಂದು ಯಾರೋ ಸುದ್ದಿ ತಂದರು. ಅಷ್ಟರಲ್ಲಿ ಕರೆಂಟೂ ಹೋಯಿತು. ಮಕ್ಕಳು ಒಳಕೋಣೆಯಲ್ಲಿ ಮೇಣದಬತ್ತಿ ಹಚ್ಚಿಕೊಂಡು ಇನ್ನೊಂದು ಆಟಕ್ಕೆ ಕೂತರು. ಅವರನ್ನು ಕರೆದುಕೊಂಡು ಹೋಗಲು ಬಂದಿದ್ದ ತಂದೆತಾಯಿಯರು ಹೊರಕೋಣೆಯ ಚಾಪೆಯ ಮೇಲೆ ಮಾಸ್ತರರ ಸುತ್ತ ಸೇರಿಕೊಂಡರು. ಹೆಚ್ಚಿನವರು ಕಲಬುರ್ಗಿ, ವಿಜಾಪುರದ ಕಡೆಯಿಂದ ಬಂದು ಇಲ್ಲಿ ಅಂಗಡಿ, ಆಫೀಸು ಎಂದು ನೆಲೆನಿಂತವರು. ಮಾಸ್ತರರೂ ಆಳಂದದವರೇ. ಇಲ್ಲಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿ, ಈಗ ಶನಿವಾರ ಭಾನುವಾರ ಮಕ್ಕಳಿಗೆ ಚದುರಂಗ ಹೇಳಿಕೊಡುತ್ತಿದ್ದರು.

ಹೋದ ಭಾನುವಾರ ಶುರುವಾದ ಪಂದ್ಯಾವಳಿಯ ಉಳಿದ ಸುತ್ತುಗಳು ಮರುದಿನವಿದ್ದವು. ಮಾತು ಅದರ ಸುತ್ತಲೇ ಸುತ್ತುತ್ತಿತ್ತು.

"ನಾಳೆ ನಾ ಏನ್ ಕೂಡಂಗಿಲ್ರಿ ಮಾಸ್ತರ," ಎಂದರು ಅಪ್ಪಾಸಾಹೇಬ. ಊರಿನ ಕ್ಯಾಂಪ್ ಬಡಾವಣೆಯಲ್ಲಿ ಅವರದು ಪಾತ್ರೆಯ ಅಂಗಡಿ. "ಹೋದ ಐತವಾರ ಆ ವರಾಂಡಾದಾಗ ಕೂತು ಕೂತು ನನ್ನ ಸೊಂಟ ಹಿಡದು ಹೋತು. ಸ್ವಪ್ನಿಲ್‌ನ ಒಳಗ ಬಿಟ್ಟು, 'ಇಲ್ಲೇ ಕೂತಿರ್ತೀನಪಾ' ಅಂತ ಹೇಳಿ, ಸುಮ್ಮ ಅಂಗಡಿ ಕಡೆ ಹೋಗಿಬಿಡ್ತೀನಿ. ಒಳಗ ಆಡಾಂವಗ ಏನ್ ಗೊತ್ತಾಗ್ತದ?"

"ಅಂಗಡ್ಯಾಗ ದಿನಾ ಕೂತ್ರ ಸೊಂಟ ಹಿಡ್ಯಂಗಿಲ್ಲ, ಮಗನ ಸಲುವಾಗಿ ಒಂದ ದಿನಾ ಕೂತ್ರ ಹಿಡೀತದ," ಎಂದಳು ತ್ರಿವೇಣಿ. ಅವಳ ಮಗಳಿಗೆ ಇದು ಮೊದಲನೆಯ ಪಂದ್ಯಾವಳಿ. ಎಲ್ಲರೂ ನಕ್ಕರು. ಅಪ್ಪಾಸಾಹೇಬರೂ ನಕ್ಕರು.

ಮಾಸ್ತರರು ಮಾತ್ರ ನಗಲಿಲ್ಲ. "ಅಂಗಡಿಗೆ ಹೋಗ್ರಿ, ಯಾರ್ ಬ್ಯಾಡಂದ್ರು," ಎಂದರು. "ಆದರ 'ಇಲ್ಲೇ ಕೂತಿರ್ತೀನಿ' ಅಂತ ಮಾತ್ರ ಹೇಳಿ ಹೋಗಬ್ಯಾಡ್ರಿ."

"ಯಾಕ್ರಿ? ಅಷ್ಟಕ್ಕ ಪಾಪ ಹತ್ತತದೇನ್ರಿ?"

ಮಾಸ್ತರರು ಶಾಲನ್ನು ಮೊಣಕಾಲಿನ ಮೇಲೆ ಎಳೆದುಕೊಂಡರು.

"ಪಾಪ ಪುಣ್ಯ ನನಗ ತಿಳ್ಯಂಗಿಲ್ಲ. ನಾ ಫಿಸಿಕ್ಸ್ ಕಲಿಸಿದವ... ದೆವ್ವ ಅದಾವೋ ಇಲ್ಲೋ ಅಂತ ನನ್ನ ಕೇಳಿದ್ರ, ಅಳತಿಗೆ ಬರಲಾರದ್ದನ್ನ ನಾ ಅದ ಅಂತೂ ಅನ್ನಂಗಿಲ್ಲ, ಇಲ್ಲ ಅಂತೂ ಅನ್ನಂಗಿಲ್ಲ. ಒಂದ ಹುಡುಗಿ ಸಂಗತಿ ಹೇಳ್ತೀನಿ, ಕೇಳ್ರಿ. ಅರ್ಧ ನಾ ಕಣ್ಣಿಲೆ ನೋಡಿದ್ದು, ಅರ್ಧ ಅಕಿನೇ ಆಮ್ಯಾಲ ನನ್ನ ಮುಂದ ಕೂತು ಹೇಳಿದ್ದು. ಆರತಿ ಅಂತ ಅಕಿ ಹೆಸರು. ಈ ಊರಾಗ ಅಷ್ಟ ಚುರುಕ ಆಡೂ ಹುಡುಗಿ ಆವತ್ತೂ ಇದ್ದಿಲ್ಲ, ಇವತ್ತೂ ಇಲ್ಲ. ಮತ್ತ ಅಷ್ಟ ಚುರುಕ ಸೋಲೂ ಹುಡುಗೀನೂ ಇದ್ದಿಲ್ಲ... ಚಲೋ ಆಡೂದಂದ್ರೇನ್ರಿ? ಆಟದ ನಡಿ ಗೊತ್ತಿರೂದಾ? ಅಲ್ರಿ. ನಡಿ ಎಲ್ಲಾರಿಗೂ ಗೊತ್ತಿರ್ತಾವ. ಗೆಲ್ಲೂ ಆಟದಾಗ ಮನಸ್ಸು ಕೈಗಿಂತ ಮೊದಲ ಎದ್ದು ನಿಂತಬಿಡ್ತದ. ಅದನ್ನ ಹಿಡದು ಕೂಡಸೂದು, ಅದ ಆಟ."

ಹೀಗೆ ಶುರುವಾಯಿತು ಮಾಸ್ತರರ ಕತೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಆರತಿಯ ತಂದೆ ಅಂಬಾದಾಸ ಕ್ಯಾಂಪಿನ ಒಂದು ಸಗಟು ವ್ಯಾಪಾರದ ಕಚೇರಿಯಲ್ಲಿ ಗುಮಾಸ್ತ. ಸ್ವಾರಗೇಟಿನ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ. ಪಂದ್ಯಗಳಿಗೆ ಮಗಳನ್ನು ಕರೆದೊಯ್ಯುವುದು ತಾಯಿ ಭುವನೇಶ್ವರಿಯ ಕೆಲಸ. ಭುವನೇಶ್ವರಿಗೆ ಚದುರಂಗದ ಗಂಧವೂ ಇರಲಿಲ್ಲ. ಕುದುರೆ ಯಾಕೆ ಸೊಟ್ಟ ಹೋಗುತ್ತದೆ ಎಂದು ಮಗಳು ಎಷ್ಟು ಸಲ ವಿವರಿಸಿದರೂ, "ಅದಕ್ಕ ನೆಟ್ಟಗ ಹೋಗಲಿಕ್ಕೆ ಏನ್ ಧಾಡಿ?" ಎನ್ನುತ್ತಿದ್ದಳು. ಆದರೆ ಆಟ ನಡೆಯುವ ಶಾಲೆಯ ವರಾಂಡದಲ್ಲಿ, ಆಟದ ಹಾಲ್‌ನ ತೆರೆದ ಬಾಗಿಲಿಗೆ ನೇರವಾಗಿ ಒಂದು ಕುರ್ಚಿ ಹಿಡಿದು ಅವಳು ಕೂತರೆ, ಒಳಗೆ ಏನು ನಡೆದಿದೆ ಎಂಬುದನ್ನು ಆಟ ಬಲ್ಲ ಅಪ್ಪಂದಿರಿಗಿಂತ ಮೊದಲು ಹೇಳುತ್ತಿದ್ದಳು. ಅವಳು ನೋಡುತ್ತಿದ್ದುದು ಚದುರಂಗದ ಪಟವನ್ನಲ್ಲ, ಮೇಜಿನ ಕೆಳಗೆ ಕಾಣುವ ಮಗಳ ಪಾದಗಳನ್ನು. ಆರತಿ ಸುಖವಾಗಿದ್ದರೆ ಚಪ್ಪಲಿ ಕಳಚಿ ಒಂದು ಪಾದದ ಮೇಲೆ ಇನ್ನೊಂದನ್ನು ಇಟ್ಟುಕೊಳ್ಳುತ್ತಿದ್ದಳು. ಕಷ್ಟ ಬಂದರೆ ಎರಡೂ ಪಾದ ಕುರ್ಚಿಯ ಕೆಳಗೆ ಹಿಂದಕ್ಕೆ ಸರಿದು ಅಡಗುತ್ತಿದ್ದವು.

"ನೋಡ್ರಿ, ಗೆದ್ಲು ನನ್ನ ಮಗಳು," ಎಂದು ಅವಳು ಪಕ್ಕದ ಭೀಮವ್ವನಿಗೆ ಹೇಳುವಳು. ಭೀಮವ್ವನ ಮಗ ಕಿಶೋರನೂ ಆಡುತ್ತಿದ್ದ. "ಏ ಸುಮ್ಕಿರವಾ, ಚಪ್ಪಲಿ ಬಿಟ್ರ ಗೆದ್ದಂಗಾದ್ರ ನನ್ನ ಮಗಾ ಬರಿಗಾಲಿಲೆ ಬರ್ತಿದ್ದ," ಎಂದು ಭೀಮವ್ವ ಚುಡಾಯಿಸುವಳು.

ಪ್ರತಿ ಸುತ್ತಿಗೆ ಮುಂಚೆ, ಬಾಗಿಲಲ್ಲಿ ಮಗಳ ಹೆರಳು ಸರಿಮಾಡುತ್ತ ಭುವನೇಶ್ವರಿ ಹೇಳುವ ಮಾತು ಒಂದೇ. "ಹೋಗಿ ಬಾ ಆರೂ. ನೀ ಹೊರಗ ಬರೂತನಾ ನಾ ಇಲ್ಲೇ ಕೂತಿರ್ತೀನಿ. ಎಲ್ಲೂ ಏಳಂಗಿಲ್ಲ."

ಆರತಿಯ ರೋಗವೂ ಅಲ್ಲೇ ಇತ್ತು. ಆಟ ಕೈಗೆ ಬಂದ ಕೂಡಲೇ ಅವಳ ಕಣ್ಣು ಬಾಗಿಲಿಗೆ ಓಡುತ್ತಿತ್ತು. ಹೊರಗೆ ಹೋಗಿ ಅವ್ವನ ಮುಂದೆ ನಿಲ್ಲಬೇಕು, ಆ ಮುಖ ಅರಳುವುದನ್ನು ನೋಡಬೇಕು. ಆ ಆಸೆಯಲ್ಲಿ ಕೈ ತಾನಾಗಿ ಮುಂದೆ ಹೋಗಿ, ಗೆದ್ದ ಆಟದಲ್ಲಿ ಆನೆಯನ್ನು ಬಿಟ್ಟುಕೊಡುವುದೋ, ಸಮ ಮಾಡಿಕೊಂಡು ಎದ್ದು ಬರುವುದೋ ಆಗುತ್ತಿತ್ತು. ಮಾಸ್ತರರು ಅವಳಿಗೆ ಎರಡು ಅಭ್ಯಾಸ ಹಾಕಿಕೊಡಲು ಹೆಣಗಾಡಿದರು. ಒಂದು, ನಡೆ ಹೊಳೆದ ಕೂಡಲೇ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಎದುರಿನವನಿಗೆ ಏನು ಬೇಕಾಗಿದೆ ಎಂದು ತನ್ನನ್ನೇ ಕೇಳಿಕೊಳ್ಳುವುದು. ತನಗೆ ಏನು ಬೇಕು ಎಂಬುದು ಯಾರಿಗಾದರೂ ಗೊತ್ತಿರುತ್ತದೆ. ಎದುರಿನವನಿಗೆ ಏನು ಬೇಕು ಎಂದು ಪ್ರತಿ ನಡೆಗೂ ಕೇಳುವವನು ಬಹಳ ವಿರಳ. ಇನ್ನೊಂದು, ಅವನು ಯೋಚಿಸುವಾಗ ಎದ್ದು ಹೋಗಿ ಅವನ ಬೆನ್ನ ಹಿಂದೆ ನಿಂತು, ಪಟವನ್ನು ಆ ಕಡೆಯಿಂದ ನೋಡುವುದು. ಆರತಿ ತಲೆಯಾಡಿಸುತ್ತಿದ್ದಳು. ಬಾಗಿಲ ಆಚೆ ಅವ್ವನ ಸೆರಗು ಕಂಡಕೂಡಲೇ ಎಲ್ಲ ಮರೆಯುತ್ತಿದ್ದಳು.

"ನಾ ಬೈದೆ. ಯಾವ ಮಾಸ್ತರ ಬೈಯಂಗಿಲ್ಲ ಹೇಳ್ರಿ? 'ಬಾಗಿಲಾ ನೋಡಬ್ಯಾಡವಾ, ಪಟಾ ನೋಡು. ನಿಮ್ಮವ್ವ ಎಲ್ಲೂ ಓಡಿಹೋಗಂಗಿಲ್ಲ' ಅಂದೆ. ಎಲ್ಲಾ ಮಾಸ್ತರೂ ಅನ್ನೂ ಮಾತದು..."

ಆ ವರ್ಷದ ಚಳಿಗಾಲದ ಪಂದ್ಯಾವಳಿಯ ಹೊತ್ತಿಗೆ ಮಾಸ್ತರರು ಊರಲ್ಲಿರಲಿಲ್ಲ. ಬಾರಾಮತಿಯಲ್ಲಿ ಸಕ್ಕರೆ ಕಾರ್ಖಾನೆಯ ಕಾಲನಿಯ ಮಕ್ಕಳಿಗೆ ಶಿಬಿರ ನಡೆಸುತ್ತಿದ್ದರು. ಆ ದಿನ ಆರತಿಯ ಆಟ ಕೊನೆಗೆ ಬಂದಾಗ ಪಟದ ಮೇಲೆ ಇಬ್ಬರಿಗೂ ಒಂದೊಂದು ಆನೆ, ಅವಳಿಗೆ ಒಂದು ಪ್ಯಾದೆ ಹೆಚ್ಚು. ನೋಡಿದರೆ ಸಣ್ಣ ಲಾಭ. ಅದನ್ನು ಗೆಲುವಾಗಿಸಲು ಎಮ್ಮೆಯ ತಾಳ್ಮೆ ಬೇಕು. ಎದುರಿನ ಹುಡುಗ ಕೈ ಚಾಚಿ ಸಮ ಮಾಡೋಣವೇ ಎಂದ. ಆರತಿಯ ಕೈ ಏಳುತ್ತಿತ್ತು. ಆದರೆ ಅಂದು ಮಾತ್ರ, ಯಾಕೋ, ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿದಳು. ಬಾಗಿಲ ಕಡೆ ನೋಡಲಿಲ್ಲ. ಇವನಿಗೆ ಏನು ಬೇಕು, ಇವನ ಆನೆಗೆ ಏನು ಬೇಕು, ಇವನ ರಾಜ ಎಲ್ಲಿಗೆ ಓಡಬೇಕೆಂದಿದ್ದಾನೆ, ಎಂದು ಒಂದೊಂದೇ ನಡೆಗೆ ಕೇಳುತ್ತ ಹೋದಳು. ಚಪ್ಪಲಿ ಕಳಚಿ ಪಾದದ ಮೇಲೆ ಪಾದ ಇಟ್ಟುಕೊಂಡಳು. ಮಧ್ಯಾಹ್ನ ಇಳಿಯಿತು. ಸುತ್ತಲಿನ ಮೇಜುಗಳು ಖಾಲಿಯಾದವು. ಅವಳ ಮನಸ್ಸು ಮೊದಲ ಬಾರಿಗೆ ಕುರ್ಚಿ ಬಿಟ್ಟು ಏಳಲಿಲ್ಲ.

ಆ ಹೊತ್ತಿನಲ್ಲೇ ವರಾಂಡದಲ್ಲಿ ಭುವನೇಶ್ವರಿ ಭೀಮವ್ವನ ತೋಳು ಹಿಡಿದು, ಎದೆಯಲ್ಲಿ ಏನೋ ಆಗುತ್ತಿದೆ ಎಂದಳು. ಮುಖವೆಲ್ಲ ಬೆವೆತಿತ್ತು. ಜನ ಓಡಾಡಿದರು, ರಿಕ್ಷಾ ತಂದರು, ಅಂಬಾದಾಸನ ಆಫೀಸಿಗೆ ಫೋನು ಹೋಯಿತು. ಮಗಳನ್ನು ಕರೆಯಲು ಭೀಮವ್ವ ಬಾಗಿಲ ಕಡೆ ತಿರುಗಿದಾಗ ಭುವನೇಶ್ವರಿ ಅವಳ ಸೆರಗು ಬಿಡಲಿಲ್ಲ. "ಬ್ಯಾಡ್ರಿ. ಆಟ ನಡದದ ಅಕಿದು. ಪಾದ ನೋಡ್ರಿ... ಚಲೋ ಕೂತಾಳ. ಮುಗಿಸಿ ಬರಲಿ."

"ಈಗ ನಿಮಗ ವಿಚಿತ್ರ ಅನಸ್ತದ," ಎಂದರು ಮಾಸ್ತರರು. "ಆದರ ವರಾಂಡಾದಾಗ ಕೂತವರಿಗೆ ಅದು ವಿಚಿತ್ರಲ್ರಿ. ಆಟ ನಡೆದಾಗ ಹುಡುಗರಿಗೆ ಏನೂ ಹೇಳಬಾರದು... ಅಜ್ಜ ಸತ್ರೂ ಹೇಳಬಾರದು, ಮನಿ ಬಿದ್ರೂ ಹೇಳಬಾರದು. ಅದು ಎಲ್ಲೂ ಬರದಿಟ್ಟಿಲ್ಲ, ಆದರ ಎಲ್ಲಾರೂ ನಡಸ್ತಾರ. ಭೀಮವ್ವನೂ ನಡಿಸಿದ್ಲು, ಅಲ್ಲಿದ್ದವರೆಲ್ಲಾರೂ ನಡಿಸಿದ್ರು. ಯಾರದ ತಪ್ಪು ಅಂತೀರಿ?"

ತ್ರಿವೇಣಿ ಮಗಳು ಆಡುತ್ತಿದ್ದ ಒಳಕೋಣೆಯ ಕಡೆ ಒಮ್ಮೆ ನೋಡಿದಳು.

ಆರತಿ ಗೆದ್ದಳು. ತನ್ನ ಜೀವಮಾನದ ಅತ್ಯಂತ ಚೆಂದದ ಆಟ ಗೆದ್ದು, ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಗೆ ಓಡಿಬಂದಳು. ಬಾಗಿಲಿಗೆ ನೇರವಾಗಿದ್ದ ಕುರ್ಚಿಯ ಮೇಲೆ ಅವ್ವನ ಚೀಲ ಇತ್ತು. ಚೀಲದಲ್ಲಿ ಚಪಾತಿ, ಶೇಂಗಾ ಹಿಂಡಿ. ಪಕ್ಕದ ಕುರ್ಚಿಯಿಂದ ಭೀಮವ್ವ ಎದ್ದು ಬಂದು, ಅವಳ ಕೈ ಹಿಡಿದು ರಿಕ್ಷಾ ಹತ್ತಿಸಿದಳು. ಅವರಿಬ್ಬರೂ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಆಮೇಲೆ ಆರತಿ ಪಟ ಮುಟ್ಟಲಿಲ್ಲ. ಮೂರು ಮಾತು ಆಡಬೇಕಾದಲ್ಲಿ ಒಂದು ಆಡುತ್ತಿದ್ದಳು. ವರ್ಷ ಕಳೆದು ಒಂದು ದಿನ ಅಂಬಾದಾಸನೇ ಅವಳನ್ನು ಮಾಸ್ತರರ ಹತ್ತಿರ ಕರೆತಂದ. "ಮನ್ಯಾಗ ನಾವಿಬ್ಬರೂ ಮಾತಿಲ್ಲದ ಎರಡ ಗ್ವಾಡಿ ಇದ್ದಂಗ ಇರ್ತೀವ್ರಿ ಮಾಸ್ತರ," ಎಂದ. "ಆಡ್ಲಿ. ಸೋಲ್ಲಿ, ಗೆಲ್ಲಲಿ. ನಾಲ್ಕ ಮಂದ್ಯಾಗ ಕೂಡ್ಲಿ."

ಮರಳಿ ಆಡಿದ ಮೊದಲ ಪಂದ್ಯ. ಬೇರೆ ಶಾಲೆ, ಬೇರೆ ಹಾಲ್. ಆಟದ ನಡುವೆ, ಹಳೆಯ ರೂಢಿಯಿಂದ ಆರತಿಯ ಕಣ್ಣು ಬಾಗಿಲಿಗೆ ಹೋಯಿತು. ಬಾಗಿಲಿಗೆ ನೇರವಾಗಿ ಒಂದು ಕುರ್ಚಿ. ಅದರಲ್ಲಿ ಅವ್ವ ಕೂತಿದ್ದಳು.

ಹೆದರಿಕೆ ಆಗಲಿಲ್ಲ ಎಂದು ಆರತಿ ಆಮೇಲೆ ಹೇಳಿದಳು. ಹೆದರಿಕೆಗೆ ಜಾಗವೇ ಇರಲಿಲ್ಲ. ಆ ದಿನ ಉಟ್ಟಿದ್ದ ನೀಲಿ ಸೀರೆಯೇ, ತೊಡೆಯ ಮೇಲೆ ಕೈ ಹೆಣೆದುಕೊಂಡ ರೀತಿಯೂ ಅದೇ. ಮೇಜಿನ ಕೆಳಗೆ, ಮಗಳ ಪಾದಗಳ ಮೇಲೆ ದೃಷ್ಟಿ. ಆರತಿ ಕಂಗಾಲಾಗಿ ನಾಲ್ಕು ನಡೆಯಲ್ಲಿ ಆಟ ಮುಗಿಸಿ, ಕೈ ಕುಲುಕಿ ಹೊರಗೆ ಓಡಿದಳು. ಕುರ್ಚಿ ಖಾಲಿ. ಮುಟ್ಟಿ ನೋಡಿದಳು, ತಣ್ಣಗಿತ್ತು. ಮರುದಿನದ ಸುತ್ತಿನಲ್ಲಿ ಮತ್ತೆ ಕಂಡಳು. ಮತ್ತೆ ಕೈ ಕುಲುಕಿದೊಡನೆ ಇಲ್ಲವಾದಳು. ಮೇಜಿನ ಮೇಲಿನ ಆಟದ ಗಡಿಯಾರ ನಡೆಯುವ ತನಕ ಅವ್ವ ಇರುತ್ತಾಳೆ, ಆಟ ಮುಗಿದರೆ ಇರುವುದಿಲ್ಲ. ಇಷ್ಟು ತಿಳಿಯಲು ಆರತಿಗೆ ಬಹಳ ಹೊತ್ತು ಹಿಡಿಯಲಿಲ್ಲ.

ಆ ದಿನದಿಂದ ಅವಳು ಆಡುವ ಆಟವೇ ಬೇರೆಯಾಯಿತು.

"ಹೆಂಗ ಹೇಳ್ಲಿ ನಿಮಗ... ಗಾಳಿ ಇದ್ದಂಗ ಆಡ್ತಿದ್ದ ಹುಡುಗಿ ಬಂಡೆಗಲ್ಲ ಆದ್ಲು. ಯಾರ ಸಮಾ ಕೇಳಿದ್ರೂ ಒಲ್ಲೆ ಅಂತಿದ್ಲು. ಒಂದೊಂದ ನಡಿಗೆ ಇಷ್ಟಿಷ್ಟ ಹೊತ್ತು. ಹೊತ್ತು ಸಿಕ್ಕಿತಲ್ಲಾ, ಸುಮ್ಮ ಏನ್ ಕೂಡೂದು, ಎಲ್ಲಾ ನೋಡ್ತಿದ್ಲು... ಎದುರಿನವಗ ಏನ ಬೇಕು, ಎಲ್ಲಿ ನೋವದ, ಎಲ್ಲಿ ಅಂವ ಬೇಸರ ಮಾಡ್ಕೋತಾನ. ಮಂದಿಗೆ ಗೆಲ್ಲೂ ಅವಸರಾ ಇರ್ತದ, ಅಕಿಗೆ ಇದ್ದಿಲ್ಲ. ಅವಸರಾ ಇಲ್ಲದವರನ್ನ ಸೋಲಸೂದು ಭಾಳ ಕಠಿಣ. ಒಂದಾದಮ್ಯಾಲ ಒಂದು ಗೆಲಕೋತ ಹೋದ್ಲು. ನಾ ಖುಷಿಯಾದೆ. ನನ್ನ ಪಾಠಾ ಹತ್ತಿತು ಅಂತ ನಾಲ್ಕ ಮಂದಿ ಮುಂದ ಹೇಳ್ಕೊಂಡೂ ಬಂದೆ."

ಅವರ ಖುಷಿ ಒಂದು ಮಧ್ಯಾಹ್ನ ಒಡೆಯಿತು. ಅಂದು ಅವರು ಹಾಲ್‌ನಲ್ಲಿ ಅವಳ ಮೇಜಿನ ಹತ್ತಿರ ನಿಂತಿದ್ದರು. ಪಟದ ಮೇಲೆ ಒಂದೇ ನಡೆಯಲ್ಲಿ ರಾಜನನ್ನು ಕಟ್ಟಿಹಾಕಿ ಆಟ ಮುಗಿಸುವ ಮಾತ್ ಇತ್ತು. ಈಗ ಮಾಸ್ತರರ ಒಳಕೋಣೆಯಲ್ಲಿ ಕೂತ ಚಿಕ್ಕ ಮಕ್ಕಳಿಗೂ ಕಾಣುವಂಥದು. ಆರತಿ ಆ ಚೌಕವನ್ನು ನೋಡಿದಳು. ಮಾಸ್ತರರ ಕಣ್ಣೆದುರೇ ನೋಡಿದಳು. ಆಮೇಲೆ ಆನೆಯನ್ನು ಒಂದು ಮನೆ ಪಕ್ಕಕ್ಕೆ ಸರಿಸಿ ಗಡಿಯಾರ ಒತ್ತಿದಳು. ಮುಂದಿನ ನಡೆಯಲ್ಲಿ ಅದನ್ನು ಮರಳಿ ತಂದಳು. ಎದುರಿನ ಹುಡುಗಿಯ ಅಪ್ಪ ಹೊರಗಿನಿಂದ ಮರಾಠಿಯಲ್ಲಿ ಗೊಣಗುತ್ತಿದ್ದ, ಬೆಕ್ಕು ಇಲಿಯ ಜೊತೆ ಆಡಿದ ಹಾಗೆ ಆಡುತ್ತಿದ್ದಾಳೆ ಎಂದು.

ಆಟ ಮುಗಿದ ಮೇಲೆ ಮಾಸ್ತರರು ಅವಳನ್ನು ನೀರಿನ ನಲ್ಲಿಯ ಹತ್ತಿರ ಕರೆದು ನಿಲ್ಲಿಸಿದರು. "ಏನದು? ಎದುರಿಗೆ ಕೂತಾಕಿ ಸಣ್ಣ ಹುಡುಗಿ. ಸೋತಾಕೀನ ಕೂಡಿಸಿ ಕಾಡೂದು ಆಟೇನು?"

ಆರತಿ ತಲೆ ತಗ್ಗಿಸಿದಳು. "ಮುಗಿಸಿದ್ರ ಹೋಗ್ತಾಳ್ರಿ ಸರ."

"ಯಾರು?"

"ಅವ್ವ."

ಎಲ್ಲವನ್ನೂ ಹೇಳಿದಳು. ಮಾಸ್ತರರು ಕೇಳಿದರು. ಮರುದಿನ ಅವಳ ಸುತ್ತು ನಡೆದಾಗ ಹೋಗಿ ವರಾಂಡ ನೋಡಿದರು. ಬಾಗಿಲಿಗೆ ನೇರವಾಗಿದ್ದ ಕುರ್ಚಿ ಅವರಿಗೆ ಖಾಲಿಯಾಗಿಯೇ ಕಂಡಿತು.

"ಖಾಲೀನೇ ಇತ್ತು, ಸುಳ್ಳ ಯಾಕ ಹೇಳ್ಲಿ. ಆದರ... ಆವತ್ತು ಮಂದಿ ಭಾಳ ಬಂದಿತ್ತು, ಕುರ್ಚಿ ಸಾಲಿದ್ದಿಲ್ಲ. ವಯಸ್ಸಾದ ಹೆಣಮಕ್ಕಳು ಕಂಬಕ್ಕ ಆನಕೊಂಡು ನಿಂತಿದ್ರು. ಆ ಒಂದ ಕುರ್ಚಿಯೊಳಗ ಯಾರೂ ಕೂತಿದ್ದಿಲ್ಲ. ಒಬ್ಬಾಕಿ ಬಂದ್ಲು, ಕುರ್ಚಿ ಮುಟ್ಟಲಿಲ್ಲ, 'ಸರಕೋತೀರೇನ್ರಿ' ಅನ್ನೂಹಂಗ ಒಂಚೂರು ನಿಂತು, ಮುಂದ ಹೋದ್ಲು. ಯಾಕ ಹೋದ್ಲು ಅಂತ ಅಕಿಗೂ ಗೊತ್ತಿದ್ದಿಲ್ಲ."

ಹೀಗೆ ಇನ್ನೂ ಎರಡು ವರ್ಷ ನಡೆಯಿತು. ಆದರೆ ಅವ್ವ ಇದ್ದಂತೆಯೇ ಉಳಿಯಲಿಲ್ಲ. ಮೊದಮೊದಲು ನೆಟ್ಟಗೆ ಕೂರುತ್ತಿದ್ದವಳು ಬರಬರುತ್ತ ಕುರ್ಚಿಯ ಬೆನ್ನಿಗೆ ಒರಗಿದಳು. ಹೆಣೆದ ಕೈಗಳು ಸಡಿಲಾದವು. ಕೊನೆಯ ಬಸ್ಸು ತಪ್ಪಿ, ಬೆಳಗಿನ ತನಕ ನಿಲ್ದಾಣದಲ್ಲಿ ಕೂತವರ ಮುಖದಲ್ಲಿ ಕಾಣುವ ಬಣ್ಣ ಅವಳ ಮುಖಕ್ಕೆ ಬಂತು. ಆರತಿಗೆ ಅದು ಕಾಣದೆ ಇರಲಿಲ್ಲ. ಕಂಡಾಗೆಲ್ಲ ಅವಳು ಪಟಕ್ಕೆ ತಿರುಗಿ ಇನ್ನಷ್ಟು ನಿಧಾನವಾಗಿ ಆಡಿದಳು. ಅವ್ವನ ಮುಖ ಮಾಸುತ್ತಿದ್ದರೂ ಕಾಣುತ್ತಿತ್ತಲ್ಲ. ಮನೆಗೆ ಹೋದರೆ ಅದೂ ಇರಲಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಅವ್ವ ಯಾರದೋ ಮದುವೆಯಲ್ಲಿ ಬೇರೆ ಯಾರನ್ನೋ ನೋಡುತ್ತಿದ್ದಳು.

ತೊಂಬತ್ತೆಂಟರ ಮಳೆಗಾಲ. ಕ್ಯಾಂಪಿನ ಒಂದು ಹಳೆಯ ಹಾಲ್‌ನಲ್ಲಿ ದೊಡ್ಡ ಪಂದ್ಯಾವಳಿಯ ಕೊನೆಯ ಸುತ್ತು. ಗೆದ್ದರೆ ಆರತಿಗೆ ಮೊದಲ ಸ್ಥಾನ, ಅದರ ಹಿಂದೆ ರಾಷ್ಟ್ರಮಟ್ಟಕ್ಕೆ ಆಯ್ಕೆ. ಎದುರಿಗೆ ಬಾರಾಮತಿಯ ಇಂದೂ ಎಂಬ ಹುಡುಗಿ, ಜ್ವರದಿಂದ ಎದ್ದುಬಂದವಳಂತೆ ಸೊರಗಿದ ಪೋರಿ. ಮಧ್ಯಾಹ್ನದ ಹೊತ್ತಿಗೆ ಇಂದೂಳ ಆಟ ಸೋತುಹೋಗಿತ್ತು. ಆದರೆ ಅವಳು ಬಿಟ್ಟುಕೊಡಲಿಲ್ಲ, ಆರತಿ ಮುಗಿಸಲಿಲ್ಲ. ಹಾಲ್‌ನಲ್ಲಿ ಉಳಿದದ್ದು ಅವರದೊಂದೇ ಮೇಜು. ಹೊರಗೆ ಅವ್ವ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿದ್ದಳು.

ಇಂದೂ ಯೋಚನೆಗೆ ಬಿದ್ದಾಗ ಆರತಿ ಎದ್ದು ಅವಳ ಬೆನ್ನ ಹಿಂದೆ ಹೋಗಿ ನಿಂತಳು. ಅವ್ವ ಕಾಣಲು ಶುರುವಾದ ಮೇಲೆ ಅವಳು ಆಟದ ನಡುವೆ ಕುರ್ಚಿ ಬಿಟ್ಟು ಎದ್ದದ್ದು ಅದೇ ಮೊದಲು. ಎದ್ದರೆ ಎಲ್ಲಿ ಅವ್ವ ಹೋಗಿಬಿಡುವಳೋ ಎಂಬ ಹೆದರಿಕೆ. ಅಂದು ಕಾಲು ಜೋಮು ಹಿಡಿದು ಏಳಲೇಬೇಕಾಯಿತು. ಅಲ್ಲಿಂದ ಪಟ ನೋಡಿದಳು. ಈ ಹುಡುಗಿಗೆ ಏನು ಬೇಕಾಗಿದೆ? ಉತ್ತರ ಪಟದ ಮೇಲಿರಲಿಲ್ಲ. ಇಂದೂಳ ಕಣ್ಣು ಪಟ ಬಿಟ್ಟು ಎಷ್ಟೋ ಹೊತ್ತಾಗಿತ್ತು. ಅವಳು ಕಿಟಕಿಯಾಚೆ ಕೊಡೆ ಹಿಡಿದು ನಿಂತ ತನ್ನ ತಾಯಿಯನ್ನು ನೋಡುತ್ತಿದ್ದಳು. ಅವಳಿಗೆ ಗೆಲ್ಲುವುದೂ ಬೇಕಿರಲಿಲ್ಲ, ಸಮವೂ ಬೇಕಿರಲಿಲ್ಲ. ಹೊರಗೆ ಹೋಗಬೇಕಿತ್ತು.

ಆರತಿ ತಲೆ ಎತ್ತಿ ಬಾಗಿಲ ಕಡೆ ನೋಡಿದಳು.

ಅವ್ವ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಕತ್ತು ಚಾಚಿ ಮೇಜಿನ ಕೆಳಗೆ ಹುಡುಕುತ್ತಿದ್ದಳು. ಅಲ್ಲಿ ಪಾದಗಳಿರಲಿಲ್ಲ. ಜಾತ್ರೆಯ ಗದ್ದಲದಲ್ಲಿ ಕೈಬಿಟ್ಟ ಕೂಸನ್ನು ಹುಡುಕುವ ತಾಯಿಯ ಕಣ್ಣು ಅವು. ಇಷ್ಟು ವರ್ಷ ಎದುರಿಗೆ ಕೂತ ಪ್ರತಿಯೊಬ್ಬರಿಗೂ ಏನು ಬೇಕು ಎಂದು ಕೇಳಿ ಕೇಳಿ ಗೆದ್ದವಳು, ಈ ಒಬ್ಬಳಿಗೆ ಏನು ಬೇಕು ಎಂದು ಕೇಳಿರಲಿಲ್ಲ. ಈಗ ಕೇಳುವ ಅಗತ್ಯವೂ ಇರಲಿಲ್ಲ. ವರಾಂಡದಲ್ಲಿ ಕೂತ ಯಾವ ತಾಯಿಗೂ ಬೇಕಾದದ್ದು ಒಂದೇ. ಮಗು ಹೊರಗೆ ಬರಬೇಕು, ಕರೆದುಕೊಂಡು ಮನೆಗೆ ಹೋಗಬೇಕು. ತಾನು ಹೊರಗೆ ಬಂದದ್ದನ್ನು ಅವ್ವ ಒಮ್ಮೆಯೂ ನೋಡಿರಲಿಲ್ಲ. ಕೈ ಕುಲುಕಿದ ಗಳಿಗೆಗೇ ಅವಳು ಇಲ್ಲವಾಗುತ್ತಿದ್ದಳು, ಮತ್ತೆ ಮೊದಲಿಂದ ಕಾಯಲು ಬರುತ್ತಿದ್ದಳು.

ಇಂದೂ ನಡೆ ಆಡಿ ಗಡಿಯಾರ ಒತ್ತಿದಳು. ಆರತಿಯ ಸಮಯ ಓಡತೊಡಗಿತು. ಪಟದ ಮೇಲೆ ಆನೆಯನ್ನು ಕೊನೆಯ ಸಾಲಿಗೆ ಇಟ್ಟರೆ ಮಾತ್. ಒಂದೇ ನಡೆ. ಆಡಿದರೆ ಎಲ್ಲ ಅವಳದು, ಆದರೆ ಆ ಕುರ್ಚಿ ಮತ್ತೆ ಖಾಲಿ. ಗಡಿಯಾರದ ಮುಳ್ಳು ಕೆಂಪು ಬಾವುಟವನ್ನು ಮುಟ್ಟಿ ಎತ್ತುತ್ತಿತ್ತು. ಅದು ಬಿದ್ದರೆ ಹೊತ್ತು ಮುಗಿದು ಅವಳಿಗೆ ಸೋಲು.

ಆರತಿ ಪಟ ಮುಟ್ಟಲಿಲ್ಲ. ನಡೆಯುತ್ತಿರುವ ಗಡಿಯಾರವನ್ನು ಹಾಗೇ ಬಿಟ್ಟು ಬಾಗಿಲು ದಾಟಿ ಹೊರಗೆ ಹೋದಳು.

ಅವ್ವ ಅವಳನ್ನು ಕಂಡಳು. ಮುಖ ಅರಳಿತು. ಇಷ್ಟು ಕಾಲ ಬೇಡಿದ್ದ ಆ ಒಂದು ನೋಟ ಆರತಿಗೆ ಸಿಕ್ಕಿತು.

"ಮುಗೀತೇನ ಆರೂ?"

"ಮುಗೀತವ್ವಾ."

"ಭಾಳ ಹೊತ್ತ ಮಾಡಿದ್ಯಲ್ಲ ನನ್ನವ್ವಾ... ಹಸದಿರಬೇಕು."

"ಹ್ಞೂಂ. ನಡಿ, ಹೋಗೂಣು."

"ನಾ ಒಳಗಿಂದ ನೋಡಿದೆ," ಎಂದರು ಮಾಸ್ತರರು. ಅವರ ದನಿ ತಗ್ಗಿತ್ತು. "ಅಕಿ ಒಬ್ಬಾಕೀನೇ ನಡದಿದ್ಲು... ಮಾರಿ ಒಂದ ಕಡೆ ಹೊಳ್ಳಿಸಿ, ಯಾರೋ ಏನೋ ಹೇಳೂದನ್ನ ಕೇಳಿದಂಗ. ಬಾಜೂಕ ಒಬ್ಬರು ನಡಿಯೂವಷ್ಟು ಜಾಗಾ ಬಿಟ್ಟು ನಡದಿದ್ಲು. ವರಾಂಡಾದಾಗ ಕೂತ ಮಂದಿ ದಾರಿ ಬಿಡ್ಲಿಕ್ಕೆ ಕಾಲ ಒಳಗ ಎಳಕೊಂಡ್ರು. ಅಕಿ ದಾಟಿದ್ಲು. ದಾಟಿದಮ್ಯಾಲೂ, ಇನ್ನೊಬ್ಬರು ದಾಟೂ ತನಕ ಎಳಕೊಂಡ ಕೂತ್ರು. ಅದನ್ನ ನಾ ನೋಡಿದೆ. ಅಳತಿ ಮಾಡಾಕ ಬರಲಾರದ್ದು... ಆದರ ನೋಡಿದೆ."

ಗೇಟಿನ ತನಕ ಹೋಗಿ ಆರತಿ ನಿಂತಳು. ರಸ್ತೆಯಲ್ಲಿ ರಿಕ್ಷಾಗಳು ನೀರು ಚಿಮ್ಮಿಸುತ್ತ ಹೋಗುತ್ತಿದ್ದವು. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ಮಗಳು ಹಿಂದೆ ಬರುತ್ತಿದ್ದಾಳೆಂಬ ಭರವಸೆಯಲ್ಲಿ, ತಿರುಗಿ ನೋಡದೆ ರಸ್ತೆ ದಾಟಿದಳು. ಆಚೆ ಬದಿಯ ಗುಂಪಿನಲ್ಲಿ ನೀಲಿ ಸೀರೆ ಒಮ್ಮೆ ಕಂಡ ಹಾಗಾಯಿತು. ಆಮೇಲೆ ಬರೀ ಕೊಡೆಗಳು.

ಮರಳಿ ಬಂದಾಗ ಬಾವುಟ ಬಿದ್ದಿತ್ತು. ಇಂದೂ ಅಳುತ್ತಿದ್ದಳು, ಹೀಗೆ ಗೆಲ್ಲುವುದು ತನಗೆ ಬೇಡ ಎಂದು. ಆರತಿ ಅವಳ ಕೈ ಕುಲುಕಿ, "ನಿಮ್ಮವ್ವ ತೋಯ್ಕೋತ ನಿಂತಾಳ, ಹೋಗು," ಎಂದಳು. ಅಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದಳು. ಅಂಬಾದಾಸ ತುತ್ತು ಕೈಯಲ್ಲಿ ಹಿಡಿದೇ ಕೇಳಿದ. ಸೋತದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ತುತ್ತನ್ನು ತಟ್ಟೆಗೆ ಮರಳಿ ಇಟ್ಟು, "ನನ್ನ ಏನರ ಕೇಳಿದ್ಲೇನು?" ಎಂದ.

"ಇಲ್ಲಪ್ಪಾ. ಹಸದಿರಬೇಕು ಅಂದ್ಲು."

"ಹಂಗ ಅಂತಿದ್ಲು," ಎಂದು ಅಂಬಾದಾಸ ತಟ್ಟೆಗೆ ತಲೆ ಬಾಗಿಸಿದ.

ಒಳಕೋಣೆಯಿಂದ ಒಬ್ಬ ಹುಡುಗ ರಾಜನಿಗೆ ಶಹ ಕೊಟ್ಟ ದನಿ ಹೊರಕೋಣೆಗೆ ಕೇಳಿತು. ಅಪ್ಪಾಸಾಹೇಬರು ಚಾಪೆಯ ಮೇಲೆ ಮಗ್ಗುಲು ಬದಲಿಸಿದರು. "ಅಂದ್ರ ಹೋದ್ಲಲ್ರಿ ಮಾಸ್ತರ. ಆ ಜೀವಕ್ಕ ಶಾಂತಿ ಸಿಕ್ತು. ಚಲೋನೇ ಆತಲ್ಲ?"

"ಅಕಿ ಹೋದ್ಲು. ಮತ್ತ ಬರಲಿಲ್ಲ. ಆರತಿ ಈಗ ಸೊಲ್ಲಾಪುರದಾಗ ಇರ್ತಾಳ, ಆಡ್ತಾಳ, ಗೆಲ್ಲೂದನ್ನ ಹೊತ್ತಿಗೆ ಸರಿಯಾಗಿ ಗೆದ್ದು ಎದ್ದ ಬರ್ತಾಳ. ಬಾಗಿಲ ಕಡೆ ನೋಡೂದು ಬಿಟ್ಟಾಳ." ಮಾಸ್ತರರು ಮುಂದಕ್ಕೆ ಬಾಗಿದರು. "ಆದರ ಅಕಿ ಒಂದ ಸಂಗತಿ ನನಗ ಹೇಳ್ಯಾಳ... ಅವ್ವ ಕುರ್ಚಿ ಬಿಟ್ಟು ಏಳೂ ಮುಂದ, ಬಾಜೂಕಿನ ಕುರ್ಚಿ ಕಡೆ ಹೊಳ್ಳಿ, 'ಬರ್ತೀನ್ರಿ, ನನ್ನ ಮಗಳು ಬಂದ್ಲು' ಅಂತ ಹೇಳಿ ಎದ್ಲಂತ. ಬಾಜೂಕಿನ ಕುರ್ಚೀನೂ ಖಾಲಿ ಇತ್ರಿ."

ಮಳೆ ಸ್ವಲ್ಪ ತಗ್ಗಿತ್ತು. ಆದರೂ ಯಾರೂ ಏಳಲಿಲ್ಲ.

"ಎಷ್ಟ ಮಂದಿ ಹೇಳಿ ಹೋಗ್ಯಾರೋ, 'ಇಲ್ಲೇ ಕೂತಿರ್ತೀನಿ' ಅಂತ... ಎಷ್ಟ ಮಂದಿ ಮಕ್ಕಳು ಯಾವ ಬ್ಯಾರೆ ಬಾಗಲಾದಿಂದ ಹೊರಗ ಹೋದ್ರೋ, ಅವರಿನ್ನೂ ಕಾಯ್ಕೋತ ಕೂತಿರಬೇಕು. ನಾಳೆ ನೀವೂ ವರಾಂಡಾದಾಗ ಕೂಡ್ತೀರಿ. ಬಾಜೂಕ ಒಬ್ಬಾಕಿ ಕೂತಿರ್ತಾಳ, ನಿಮಗ ಗುರ್ತಿರಂಗಿಲ್ಲ, ಯಾರದೋ ತಾಯಿ ಇರಬೇಕು ಅಂತ ನೀವು ಅಂದ್ಕೋತೀರಿ. 'ಮುಗೀತೇನ್ರಿ ಆಟಾ?' ಅಂತ ಅಕಿ ಕೇಳಿದ್ರ... ದಯಮಾಡಿ ಇನ್ನೂ ಇಲ್ಲ ಅನ್ನಬ್ಯಾಡ್ರಿ."

ಅಪ್ಪಾಸಾಹೇಬರು ನಗಲು ನೋಡಿದರು, ಆಗಲಿಲ್ಲ. ಬೇರೆಯವರು ಕೊಡೆ, ಚೀಲ ಹುಡುಕತೊಡಗಿದರು.

ತ್ರಿವೇಣಿ ಕೂತಲ್ಲೇ ಕೂತಿದ್ದಳು. ಹೋದ ಭಾನುವಾರ ಮಧ್ಯಾಹ್ನ, ಮಗಳ ಮೊದಲ ಸುತ್ತು ನಡೆದಾಗ, ಪಕ್ಕದ ಕುರ್ಚಿಯಲ್ಲಿದ್ದ ಹಸಿರು ಸೀರೆಯ ಹೆಂಗಸು ಮೆಲ್ಲಗೆ, "ಮುಗೀತೇನ್ರಿ ಆಟಾ?" ಎಂದು ಕೇಳಿದ್ದಳು. ತ್ರಿವೇಣಿಯ ಗಮನವೆಲ್ಲ ಕಿಟಕಿಯೊಳಗೆ ಇತ್ತು. ತಿರುಗಿಯೂ ನೋಡದೆ, "ಇಲ್ರಿ, ಇನ್ನೂ ಭಾಳ ಹೊತ್ತದ. ಕೂಡ್ರಿ," ಎಂದಿದ್ದಳು. ಆ ಹೆಂಗಸು, "ಹೌದೇನ್ರಿ," ಎಂದು ಉಸಿರು ಬಿಟ್ಟು, ಸೆರಗು ಸರಿಮಾಡಿಕೊಂಡು, ಮತ್ತೆ ಕೂತಿದ್ದಳು.